ಗರ್ಭಿಣಿಯ ಮನೆಯಲ್ಲೇ ಮೂತ್ರ ಪರೀಕ್ಷೆ: ಮಾಡುವ ಬಗೆ

ಏಳನೇ ತಿಂಗಳಲ್ಲಿ ತವರಿಗೆ ಬಂದ ಬಸುರಿಯ ಪಾದ ಊದಿದ್ದರೆ ‘ಬಸುರಿಗೆ ಇದು ಇದ್ದದ್ದೇ’ ಎಂದು ಮನೆಯವರು ಸುಮ್ಮನಾಗುತ್ತಾರೆ. ಎಷ್ಟೋ ಸಲ ಅದು ನಿಜವೂ ಹೌದು. ಆದರೆ ಬಿಪಿ ಏರಿ, ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಹೋಗತೊಡಗಿದರೆ ಅದು ಪ್ರಿ-ಎಕ್ಲಾಂಪ್ಸಿಯಾ ಇರಬಹುದು. ಕಡೆಗಣಿಸಿದರೆ ಫಿಟ್ಸ್ ಬಂದು ತಾಯಿ, ಮಗು ಇಬ್ಬರ ಜೀವಕ್ಕೂ ಕುತ್ತು. ಇದರ ಸುಳಿವು ಹಿಡಿಯಲು ಆರೋಗ್ಯ ಉಪಕೇಂದ್ರದ ಸಿಸ್ಟರ್ ಚೀಲದಲ್ಲಿರುವ ಬಿಪಿ ಯಂತ್ರ ಮತ್ತು ಮೂತ್ರದಲ್ಲಿ ಅದ್ದಿದರೆ ಆಲ್ಬುಮಿನ್, ಸಕ್ಕರೆಗೆ ಬಣ್ಣ ಬದಲಿಸುವ ಒಂದು ಪಟ್ಟಿ ಸಾಕು.

ಸಿಸ್ಟರ್, ಮನೆ ಭೇಟಿಗೆ ಹೊರಡುವ ಮುನ್ನ ಪಟ್ಟಿಯ ಡಬ್ಬಿ ನೋಡಿಕೊಳ್ಳಿ. ಅವಧಿ ಮುಗಿದಿರಬಾರದು, ಮುಚ್ಚಳ ಬಿಗಿಯಾಗಿರಬೇಕು. ಸ್ಕೂಟರಿನ ಡಿಕ್ಕಿಯಲ್ಲಿ ಬಿಸಿಲಿಗೆ ಬೆಂದ ಪಟ್ಟಿ ಸುಳ್ಳು ಹೇಳುತ್ತದೆ. ಅದ್ದುವ ಮೊದಲೇ ಬಣ್ಣ ಮಾಸಿದ್ದರೆ ಎಸೆಯಿರಿ. ಮನೆಗೆ ಹೋದ ಮೇಲೆ ಚೀಲವನ್ನು ಬರಿ ನೆಲಕ್ಕಿಡದೆ ಹಳೆ ಪತ್ರಿಕೆ ಹಾಸಿ ಇಟ್ಟು, ಕೈ ತೊಳೆಯಿರಿ.

ಮಾದರಿ ಹಿಡಿಯುವಲ್ಲೇ ಹೆಚ್ಚು ಎಡವಟ್ಟು. ಅತ್ತೆ, ಮಾವನ ಎದುರು ಕೇಳಿದರೆ ಹೆಣ್ಣುಮಗಳು ನಾಚಿ ತಲೆಯಾಡಿಸುತ್ತಾಳೆ, ಅರ್ಥವಾಗಿರುವುದಿಲ್ಲ. ಹಿತ್ತಲಿಗೆ ಕರೆದು ಬಿಡಿಸಿ ಹೇಳಿ: ನೀರಿನಿಂದ ತೊಳೆದುಕೊಂಡು, ಮೊದಲ ಧಾರೆ ಬಿಟ್ಟು, ನಡುವಿನದನ್ನು ಹಿಡಿಯಬೇಕು. ಬಿಳಿ ಸೆರಗು ಬೆರೆತರೂ ಆಲ್ಬುಮಿನ್ ತೋರಿಸುತ್ತದೆ. ಸೋಪಿನ ಅಂಶ ಉಳಿದ ಉಪ್ಪಿನಕಾಯಿ ಬಾಟಲಿ ಬೇಡ, ಒಣಗಿದ ಶುಚಿ ಡಬ್ಬಿ ನೀವೇ ಒಯ್ಯಿರಿ.

ಗ್ಲೌಸ್ ಹಾಕಿಕೊಂಡು, ಬಣ್ಣದ ಚೌಕಗಳನ್ನು ಮುಟ್ಟದೆ ಪಟ್ಟಿಯನ್ನು ಕ್ಷಣಮಾತ್ರ ಅದ್ದಿ ತೆಗೆಯಿರಿ. ಅಂಚನ್ನು ಮೂತ್ರದ ಡಬ್ಬಿಯ ಬಾಯಿಗೆ ಒರೆಸಿ, ಬಣ್ಣ ಒಂದಕ್ಕೊಂದು ಹರಿಯದಂತೆ ಅಡ್ಡಲಾಗಿ ಹಿಡಿಯಿರಿ. ಬಣ್ಣ ನೋಡಲು ಸಾಮಾನ್ಯವಾಗಿ ಸಕ್ಕರೆಗೆ 30 ಸೆಕೆಂಡ್, ಆಲ್ಬುಮಿನ್‌ಗೆ 60. ಅಂದಾಜು ಬೇಡ, ಗಡಿಯಾರ ನೋಡಿ. ಬಣ್ಣ ಹೋಲಿಸಲು ಬಾಗಿಲಾಚೆಯ ಹಗಲು ಬೆಳಕಿಗೇ ಬನ್ನಿ, ಅಡುಗೆಮನೆಯ ಹಳದಿ ಬಲ್ಬಿನಡಿ ಹಸಿರು, ಹಳದಿ ಒಂದೇ ಆಗಿಬಿಡುತ್ತವೆ. ಪಟ್ಟಿ ತೆಗೆದ ಡಬ್ಬಿಯ ಮೇಲಿನ ಬಣ್ಣಪಟ್ಟಿಯನ್ನೇ ಬಳಸಿ, ಬೇರೆ ಕಂಪನಿಯದು ಹೊಂದುವುದಿಲ್ಲ.

ಆಲ್ಬುಮಿನ್ ತೀರ ಅಲ್ಪವಿದ್ದು ಬಿಪಿ ಸರಿಯಿದ್ದರೆ, ಹೊಸದಾಗಿ ಮಾದರಿ ಹಿಡಿಸಿ ಮತ್ತೆ ನೋಡಿ. ಬಣ್ಣಪಟ್ಟಿಯ ಗುರುತಿನಂತೆ ಆಲ್ಬುಮಿನ್ ಒಂದು ಪ್ಲಸ್ (+) ಅಥವಾ ಹೆಚ್ಚಿದ್ದು ಬಿಪಿ 140/90 ತಲುಪಿದ್ದರೆ ಅಂದೇ ವೈದ್ಯರ ಬಳಿ ಕಳಿಸಿ. ಮೂತ್ರ ಶುದ್ಧವಿದ್ದರೂ ಅಷ್ಟು ಬಿಪಿಗೆ ವೈದ್ಯರು ಬೇಕೇ ಬೇಕು. ಜತೆಗೆ ತಲೆನೋವು, ಕಣ್ಣು ಮಂಜು, ಎದೆಗೂಡಿನ ಕೆಳಗೆ ನೋವು ಇದ್ದರೆ ಕಾಯದೆ 108ಕ್ಕೆ ಕರೆ ಮಾಡಿ. ಸಕ್ಕರೆ ಕಂಡರೆ ಗಾಬರಿ ಬೇಡ, ಮಧುಮೇಹವಿಲ್ಲದ ಬಸುರಿಯಲ್ಲೂ ಅದು ಕಾಣಬಹುದು. ರಕ್ತ ಪರೀಕ್ಷೆಯೇ ತೀರ್ಮಾನ ಹೇಳಬೇಕು.

ಉಳಿದ ಮೂತ್ರವನ್ನು ಶೌಚಾಲಯಕ್ಕೆ ಸುರಿದು, ಕೈ ತೊಳೆದು, ಫಲಿತಾಂಶವನ್ನು ಆಕೆಗೂ ಹೇಳಿ ತಾಯಿ ಕಾರ್ಡಿನಲ್ಲಿ ಬರೆಯಿರಿ. ಪಟ್ಟಿ ಮುಗಿದಿದ್ದರೆ ‘ಪರೀಕ್ಷೆ ಆಗಿಲ್ಲ’ ಎಂದೇ ಬರೆಯಿರಿ, ‘ನಿಲ್’ (ಆಲ್ಬುಮಿನ್, ಸಕ್ಕರೆ ಇಲ್ಲ) ಎಂದು ಎಂದಿಗೂ ತುಂಬಬೇಡಿ. ಹೆರಿಗೆಯ ರಾತ್ರಿ ವೈದ್ಯರು ಆ ಒಂದು ಪದವನ್ನು ನಂಬುತ್ತಾರೆ.