ಸೂರ್ಯನ ಕುದುರೆಯ ಮರಿ ಮಾಡಿಸುವ ಬಗೆ

ಗಂಡನ್ನೂ ಹೆಣ್ಣನ್ನೂ ಹಿಡಿದು ಒಂದೇ ಡಬ್ಬಿಗೆ ಹಾಕಿ ಮಲಗಿದರೆ, ಬೆಳಗ್ಗೆ ಡಬ್ಬಿಯ ತಳದಲ್ಲಿ ಗಂಡಿನ ನಾಲ್ಕು ರೆಕ್ಕೆ ಮಾತ್ರ ಉಳಿದಿರುತ್ತವೆ. ಸೂರ್ಯನ ಕುದುರೆ, ಅಂದರೆ ಮ್ಯಾಂಟಿಸ್ ಕೀಟ, ಸಾಕಲು ಹೊರಟ ಬಹಳಷ್ಟು ಮಂದಿಯ ಪ್ರಯತ್ನ ಇಲ್ಲಿಗೇ ಮುಗಿಯುತ್ತದೆ. ಆಮೇಲೆ ‘ಹೆಣ್ಣು ಗಂಡನ್ನು ತಿಂದೇ ತಿನ್ನುತ್ತದೆ, ಅದರ ಹುಟ್ಟುಗುಣವೇ ಹಾಗೆ’ ಎಂದು ಕೈಬಿಡುತ್ತಾರೆ. ಹೊಟ್ಟೆ ತುಂಬಿದ ಹೆಣ್ಣು, ಸಾಕಷ್ಟು ಜಾಗ, ಸರಿಯಾದ ದಿನ, ಈ ಮೂರೂ ಕೂಡಿಬಂದರೆ ಗಂಡು ಹೆಚ್ಚಿನ ಸಲ ಜೀವಂತ ವಾಪಸ್ ಬರುತ್ತದೆ.

ಇಲ್ಲಿ ಕೊಟ್ಟಿರುವ ಲೆಕ್ಕವೆಲ್ಲ ದೊಡ್ಡ ಹಸಿರು ಬಗೆಯದ್ದು, ಅಂದರೆ ಹೈರೊಡ್ಯುಲ ಕುಲದ್ದು. ಪಿಟೀಲಿನ ಆಕಾರದ ಗಾಂಗಿಲಸ್ ಸಿಕ್ಕರೆ ನೋಡಿ ಬಿಟ್ಟುಬಿಡಿ. ಅದಕ್ಕೆ ಕಡು ಬಿಸಿ, ಒಣ ಹವೆ, ಹಾರುವ ನೊಣ ಬೇಕು. ಮೊದಲ ಸಲಕ್ಕೆ ಅದು ಆಗಿಬರುವುದಿಲ್ಲ.

ಎಲ್ಲಿ, ಯಾವುದನ್ನು ಹಿಡಿಯಬೇಕು

ನಿಮ್ಮ ಹಿತ್ತಲು, ನಿಮ್ಮ ತೋಟ, ಲಂಟಾನ ಬೇಲಿ ಸಾಕು. ಭದ್ರಾ ಅಭಯಾರಣ್ಯ, ಕುದುರೆಮುಖ ರಾಷ್ಟ್ರೀಯ ಉದ್ಯಾನ, ಮೀಸಲು ಅರಣ್ಯ ಇವುಗಳ ಒಳಗಿನಿಂದ ಏನನ್ನೂ ತರಬೇಡಿ. ಹಾಸನ ಸುತ್ತಿನ ಆಲೂಗಡ್ಡೆ, ಶುಂಠಿ ಹೊಲದ ಅಂಚಿನಲ್ಲೂ ಹಿಡಿಯಬೇಡಿ. ಔಷಧಿ ಹೊಡೆದ ಹೊಲದ ಹುಳು ತಿಂದ ಸೂರ್ಯನ ಕುದುರೆ ತಂದ ನಾಲ್ಕೈದು ದಿನದಲ್ಲಿ ಕಾಲು ಅದುರಿಸಿ ಬೀಳುತ್ತದೆ. ಕಾಫಿ ಗಿಡಕ್ಕೆ ಕಾಂಡಕೊರಕದ ಔಷಧಿ ಬಳಿದ ತೋಟಕ್ಕೂ ಇದೇ ಮಾತು.

ಮಳೆ ಹಿಂದೆಗೆದ ಮೇಲೆ ರೆಕ್ಕೆ ಬಲಿತವು ಕಣ್ಣಿಗೆ ಬೀಳತೊಡಗುತ್ತವೆ. ರಾತ್ರಿ ಜಗಲಿಯ ದೀಪಕ್ಕೆ ಹಾರಿ ಬರುವವು ಬಹುತೇಕ ಗಂಡು. ಅನುಮಾನವಿದ್ದರೆ ಗಾಜಿನ ಲೋಟದೊಳಗೆ ಬಿಟ್ಟು ಹೊಟ್ಟೆಯ ಅಡಿಭಾಗ ನೋಡಿ. ಹೆಣ್ಣಿಗೆ ಆರು ಪಟ್ಟಿ, ಗಂಡಿಗೆ ಎಂಟು. ಗಂಡು ಸಪೂರ, ಮೀಸೆ ಉದ್ದ, ರೆಕ್ಕೆ ಹೊಟ್ಟೆಯ ತುದಿ ದಾಟಿರುತ್ತದೆ.

ರೆಕ್ಕೆ ಬಲಿತ ಹೆಣ್ಣು ಸಿಕ್ಕರೆ ಗಂಡನ್ನು ಹುಡುಕುತ್ತ ಅಲೆಯಬೇಡಿ. ಕಾಡಿನಲ್ಲೋ ಬೇಲಿಯಲ್ಲೋ ಅದು ಆಗಲೇ ಕೂಡಿರುವ ಸಾಧ್ಯತೆಯೇ ಹೆಚ್ಚು. ಚೆನ್ನಾಗಿ ತಿನ್ನಿಸಿ ಕಾದರೆ ಮೊಟ್ಟೆಗೂಡು ತಾನೇ ಕಟ್ಟುತ್ತದೆ. ಕೂಡದ ಹೆಣ್ಣೂ ಗೂಡು ಕಟ್ಟುತ್ತದೆ, ಆದರೆ ಅದರಿಂದ ಮರಿ ಬರುವುದಿಲ್ಲ. ಮಿಲನವನ್ನು ನೀವೇ ಮಾಡಿಸಬೇಕೆಂದಿದ್ದರೆ, ಬೆನ್ನ ಮೇಲೆ ರೆಕ್ಕೆಯ ಮೊಗ್ಗು ಇನ್ನೂ ಚಿಕ್ಕದಾಗಿರುವ ಮರಿಗಳನ್ನೇ ತನ್ನಿ.

ತಂದ ಮೇಲೆ ಎರಡು ವಾರ ಒಂದೊಂದನ್ನೂ ಬೇರೆಬೇರೆ ಇಡಿ. ಹೊರಗಿನಿಂದ ಬಂದದ್ದರ ಹೊಟ್ಟೆಯಲ್ಲಿ ಕೂದಲಿನಂಥ ಉದ್ದನೆ ಹುಳುವೋ ಪರಾವಲಂಬಿ ನೊಣದ ಮರಿಯೋ ಇರಬಹುದು. ತಿನ್ನುವುದು ಕಡಿಮೆಯಾಗಿದ್ದರೂ ಹೊಟ್ಟೆ ಮಾತ್ರ ಊದಿದ್ದರೆ ಅದನ್ನು ಜೋಡಿಗೆ ಬಳಸಬೇಡಿ.

ಗೂಡು, ಆಹಾರ, ಪೊರೆ

ಗೂಡಿನ ಎತ್ತರ ಕೀಟದ ಉದ್ದದ ಮೂರು ಪಟ್ಟು, ಅಗಲ ಎರಡು ಪಟ್ಟು ಇರಲೇಬೇಕು. ಮೇಲ್ಭಾಗಕ್ಕೆ ನೈಲಾನ್ ಸೊಳ್ಳೆಪರದೆ ಬಟ್ಟೆ ಕಟ್ಟಿ. ತಂತಿಯ ಜಾಲರಿ ಬೇಡ, ಕಾಲಿನ ತುದಿ ಸಿಕ್ಕಿ ಮುರಿಯುತ್ತದೆ. ಅಂಗಡಿಯಲ್ಲಿ ಸಿಗುವ ನುಣುಪು ಮುಚ್ಚಳದ ಪ್ಲಾಸ್ಟಿಕ್ ಪೆಟ್ಟಿಗೆಗಂತೂ ದುಡ್ಡು ದಂಡ. ಪೊರೆ ಬಿಡುವಾಗ ಕೀಟ ತಲೆಕೆಳಗಾಗಿ ನೇತಾಡಬೇಕು. ಹಿಡಿತ ತಪ್ಪಿ ಬಿದ್ದರೆ ಕಾಲು, ರೆಕ್ಕೆ ಸೊಟ್ಟಗಾಗಿ ಗಟ್ಟಿಯಾಗಿಬಿಡುತ್ತದೆ. ರೆಕ್ಕೆಮೊಗ್ಗು ಉಬ್ಬಿ, ತಿನ್ನುವುದು ನಿಂತಿತೆಂದರೆ ಪೊರೆ ಹತ್ತಿರ ಬಂದಿದೆ. ಆಗ ಗೂಡಿನೊಳಗಿನ ಮಿಡತೆ, ಜೀರುಂಡೆ ಎಲ್ಲ ತೆಗೆಯಿರಿ. ಮೈ ಮೆತ್ತಗಿರುವ ಹೊತ್ತಿನಲ್ಲಿ ಅವೇ ಇದನ್ನು ಕಚ್ಚಿ ತಿನ್ನುತ್ತವೆ.

ಆಹಾರಕ್ಕೆ ನೊಣ, ಪತಂಗ, ಸಣ್ಣ ಮಿಡತೆ. ಇರುವೆ ಬೇಡ. ನೀರು ಎರಡು ದಿನಕ್ಕೊಮ್ಮೆ ಸಿಂಪಡಿಸಿ. ಗೂಡಿರುವ ಕೋಣೆಯಲ್ಲಿ ಸೊಳ್ಳೆಬತ್ತಿ, ದ್ರವದ ಸೊಳ್ಳೆಯಂತ್ರ ಏನನ್ನೂ ಹಚ್ಚಕೂಡದು.

ಕೂಡಿಸುವುದು

ಒಂದೇ ಮೊಟ್ಟೆಗೂಡಿನಿಂದ ಬಂದ ಮರಿಗಳಲ್ಲಿ ಗಂಡು ಬೇಗ ಬಲಿಯುತ್ತದೆ, ಹೆಣ್ಣು ಇನ್ನೂ ಒಂದೆರಡು ಪೊರೆ ಹಿಂದಿರುತ್ತದೆ. ಹಾಗೇ ಬಿಟ್ಟರೆ ಹೆಣ್ಣು ಸಿದ್ಧವಾಗುವಷ್ಟರಲ್ಲಿ ಗಂಡಿಗೆ ಮುಪ್ಪು ಬಂದಿರುತ್ತದೆ. ಅದಕ್ಕಾಗಿ ಗಂಡನ್ನು ತಂಪು ಜಾಗದಲ್ಲಿಟ್ಟು ಮಿತವಾಗಿ ತಿನ್ನಿಸಿ. ಹೆಣ್ಣನ್ನು 27–28 ಡಿಗ್ರಿ ಬೆಚ್ಚಗಿಟ್ಟು ಹೊಟ್ಟೆ ತುಂಬ ತಿನ್ನಿಸಿ. ಮೂಡಿಗೆರೆ, ಸಕಲೇಶಪುರದ ಡಿಸೆಂಬರ್ ಚಳಿಗೆ ಹೆಣ್ಣಿನ ಗೂಡಿನ ಹೊರಗೆ ಒಂದು ಅಡಿ ದೂರದಲ್ಲಿ 40 ವ್ಯಾಟಿನ ಹಳೇ ಬಲ್ಬು ಉರಿಸಿದರೆ ಸಾಕು.

ಕೊನೆಯ ಪೊರೆ ಬಿಟ್ಟ ದಿನವನ್ನು ಗೂಡಿನ ಮೇಲೆ ಬರೆದಿಡಿ. ಗಂಡಿಗೆ ಅಲ್ಲಿಂದ ಕನಿಷ್ಠ ಹತ್ತು ದಿನ, ಹೆಣ್ಣಿಗೆ ಮೂರು ವಾರ ಆಗಬೇಕು. ಎರಡೇ ವಾರಕ್ಕೆ ಸಿದ್ಧವಾಗುವ ಹೆಣ್ಣೂ ಉಂಟು, ಆದರೂ ಮೂರು ವಾರ ಕಾಯುವುದೇ ಒಳ್ಳೆಯದು. ಸಿದ್ಧವಾದ ಹೆಣ್ಣು ಕತ್ತಲಾದ ಮೇಲೆ ರೆಕ್ಕೆ ಸ್ವಲ್ಪ ಎತ್ತಿ, ಹೊಟ್ಟೆಯ ತುದಿಯನ್ನು ಕೆಳಕ್ಕೆ ಬಾಗಿಸಿಕೊಂಡು ಗಂಟೆಗಟ್ಟಲೆ ಕದಲದೆ ನೇತಾಡುತ್ತದೆ. ಗಂಡನ್ನು ಕರೆಯುವ ವಾಸನೆ ಬಿಡುವುದು ಆಗ. ಈ ಭಂಗಿ ಕಂಡಿತೆಂದರೆ ದಿನ ಬಂತು.

ಕೂಡಿಸುವುದಕ್ಕೆ ಮುಂಚಿನ ಮೂರು ದಿನ ಹೆಣ್ಣು ಬೇಡವೆನ್ನುವಷ್ಟು ತಿನ್ನಿಸಿ. ಎದುರಿಟ್ಟ ನೊಣವನ್ನು ನೋಡಿಯೂ ಸುಮ್ಮನಿರಬೇಕು. ಡಬ್ಬಿಯೊಳಗೆ ಕೂಡಿಸುವುದು ಬೇಡವೇ ಬೇಡ. ಬಾಗಿಲು ಕಿಟಕಿ ಹಾಕಿ, ಫ್ಯಾನ್ ನಿಲ್ಲಿಸಿ, ಕಿಟಕಿಯ ಪರದೆಯ ಮೇಲೋ ಕುಂಡದ ಗಿಡದ ಮೇಲೋ ಹೆಣ್ಣನ್ನು ಬಿಡಿ. ಅದು ನೆಲೆಯಾಗಿ ಕೂತ ಮೇಲೆ ಇಕ್ಕುಳದಲ್ಲಿ ದೊಡ್ಡದೊಂದು ಮಿಡತೆ ಕೊಡಿ. ಅದನ್ನು ಹಿಡಿದು ಅಗಿಯತೊಡಗಿದಾಗ ಗಂಡನ್ನು ಕಡ್ಡಿಯ ಮೇಲೆ ಹತ್ತಿಸಿ, ಹೆಣ್ಣಿನ ಹಿಂಬದಿಯಿಂದ, ಒಂದೂವರೆ ಅಡಿ ದೂರದಲ್ಲಿ ಇಳಿಸಿ. ಎದುರಿಗೆ ಇಳಿಸಿದರೆ ಅದು ಬೇಟೆ.

ಇನ್ನು ನೀವು ಕೈ ಹಾಕಬೇಡಿ. ಗಂಡು ಹೆಣ್ಣನ್ನು ಕಂಡ ಕೂಡಲೇ ಮರಗಟ್ಟಿ ನಿಲ್ಲುತ್ತದೆ, ಮೀಸೆ ಮಾತ್ರ ಅವಳತ್ತ ಚಾಚಿರುತ್ತದೆ. ಕೆಲವೊಮ್ಮೆ ಒಂದೆರಡು ಗಂಟೆ ಹಾಗೇ. ‘ಇದಕ್ಕೆ ಆಸಕ್ತಿ ಇಲ್ಲ’ ಎಂದು ಬೆರಳಿನಿಂದ ಮುಂದಕ್ಕೆ ತಳ್ಳುವವರೇ ಗಂಡನ್ನು ಕೊಲ್ಲಿಸುವವರು. ಅದು ಅಂಗುಲ ಅಂಗುಲವಾಗಿ ಹತ್ತಿರ ಬಂದು, ಹಾರಿ ಬೆನ್ನೇರಿ, ಮೀಸೆಯಿಂದ ಹೆಣ್ಣನ್ನು ತಟ್ಟುತ್ತ ಹೊಟ್ಟೆಯನ್ನು ಒಂದು ಬದಿಗೆ ಬಾಗಿಸಿ ಸೇರಿಕೊಳ್ಳುತ್ತದೆ. ಬೆನ್ನೇರಿದ ಮಾತ್ರಕ್ಕೆ ಕೂಡಿತು ಎಂದಲ್ಲ, ತುದಿಗಳು ಬೆಸೆದಿವೆಯೇ ನೋಡಿ. ಬೆಸೆದ ಮೇಲೆ ಹಲವು ಗಂಟೆ ಹಿಡಿಯುತ್ತದೆ. ತಲೆ ಹೋದ ಗಂಡೂ ಮಿಲನ ಮುಗಿಸುತ್ತದೆ, ಹಾಗಾಗಿ ಮಧ್ಯೆ ಬಿಡಿಸಲು ಹೋಗಬೇಡಿ.

ಅಪಾಯವಿರುವುದು ಇಳಿಯುವ ಹೊತ್ತಿನಲ್ಲಿ. ಒಂದು ಅಡಿ ಉದ್ದದ ಕಡ್ಡಿ, ಇನ್ನೊಂದು ಮಿಡತೆ ಸಿದ್ಧವಿಟ್ಟುಕೊಂಡು ಯಾರಾದರೂ ಎದ್ದಿರಲೇಬೇಕು. ಗಂಡು ಬಿಡಿಸಿಕೊಂಡ ಕ್ಷಣ ಹೆಣ್ಣಿಗೆ ಮಿಡತೆ ತೋರಿಸಿ, ಗಂಡಿಗೆ ಕಡ್ಡಿ ಒಡ್ಡಿ ಎತ್ತಿಕೊಳ್ಳಿ. ಹೆಣ್ಣಿನ ತುದಿಯಲ್ಲಿ ಬಿಳಿಯ ಸಣ್ಣ ಉಂಡೆ ಕಂಡರೆ ಕೆಲಸ ಆಗಿದೆ. ಒಂದೇ ಮಿಲನದಿಂದ ಹಲವು ಮೊಟ್ಟೆಗೂಡಿಗೆ ಸಾಕಾಗುತ್ತದೆ. ಮತ್ತೆ ಮತ್ತೆ ಕೂಡಿಸುವುದು ಗಂಡಿನ ಜೀವದ ಜೊತೆ ಆಟ.

ಮೊಟ್ಟೆಗೂಡು ಮತ್ತು ಮರಿ

ಒಂದೆರಡು ವಾರದಲ್ಲಿ ಹೆಣ್ಣು ಕಡ್ಡಿಗೋ ಮೇಲಿನ ಪರದೆಗೋ ನೊರೆ ಹಚ್ಚಿ ಮೊಟ್ಟೆ ಇಡುತ್ತದೆ. ನೊರೆ ಗಟ್ಟಿಯಾಗುವವರೆಗೆ, ಒಂದು ದಿನ, ಮುಟ್ಟಬೇಡಿ. ಆಮೇಲೆ ಕಡ್ಡಿ ಸಮೇತ ಕತ್ತರಿಸಿ, ಇದ್ದ ದಿಕ್ಕಿನಲ್ಲೇ ಬೇರೆ ಜಾಡಿಯಲ್ಲಿ ನೇತುಹಾಕಿ. ಕೆಳಗೆ ಮೂರು ಅಂಗುಲ ಖಾಲಿ ಇರಲಿ, ಮರಿಗಳು ನೂಲಿನಲ್ಲಿ ಜೋತು ಮೊದಲ ಪೊರೆ ಬಿಡುವುದು ಅಲ್ಲೇ. ವಾರಕ್ಕೆ ಎರಡು ಸಲ ಜಾಡಿಯ ಗೋಡೆಗೆ ನೀರು ಚಿಮುಕಿಸಿ. ಮಲೆನಾಡಿನ ಮಳೆಗಾಲದಲ್ಲಿ ಅದೂ ಬೇಡ, ಬೂಷ್ಟು ಹಿಡಿಯುತ್ತದೆ. ಬೇಲಿಯಿಂದ ತಂದ ಮೊಟ್ಟೆಗೂಡಿನ ಬದಿಯಲ್ಲಿ ಸೂಜಿ ಚುಚ್ಚಿದಂಥ ದುಂಡು ತೂತುಗಳಿದ್ದರೆ ಅದು ಪರಾವಲಂಬಿ ಕಣಜ ಹೊರಬಿದ್ದ ಗುರುತು.

ಬೆಚ್ಚಗಿದ್ದರೆ ನಾಲ್ಕರಿಂದ ಆರು ವಾರಕ್ಕೆ ನೂರಕ್ಕೂ ಹೆಚ್ಚು ಮರಿ ಒಟ್ಟಿಗೇ ಹೊರಬರುತ್ತವೆ. ಅವತ್ತು ಆಹಾರ ಹುಡುಕಲು ಹೊರಟರೆ ಕೆಟ್ಟಿತು. ಎರಡು ವಾರ ಮುಂಚೆಯೇ ಕಳಿತ ಬಾಳೆಹಣ್ಣು ಒಂದು, ಬೆಲ್ಲ ಒಂದು ಚಮಚ, ಚಿಟಿಕೆ ಯೀಸ್ಟ್ ಕಿವುಚಿ ಬಾಟಲಿಗೆ ಹಾಕಿ, ಮಡಿಸಿದ ಕಾಗದ ಇಳಿಬಿಟ್ಟು ತೆರೆದಿಡಿ. ಹಣ್ಣಿನ ನೊಣ ಮುತ್ತಿದ ಮೇಲೆ ಬಟ್ಟೆ ಕಟ್ಟಿ. ವಾರ ಬಿಟ್ಟು ಇನ್ನೊಂದು ಬಾಟಲಿ ಹೂಡಿ.

ಎರಡನೇ ಪೊರೆಯವರೆಗೆ ನೊಣ, ಕಡ್ಡಿ ಧಾರಾಳವಾಗಿದ್ದರೆ ಮರಿಗಳು ಒಟ್ಟಿಗಿರಬಹುದು, ಆಮೇಲೆ ಒಂದಕ್ಕೊಂದು ಡಬ್ಬಿ. ಸಾಕಬಲ್ಲಷ್ಟು, ಇಪ್ಪತ್ತೋ ಮೂವತ್ತೋ, ಇಟ್ಟುಕೊಂಡು ಮಿಕ್ಕವನ್ನು ತಾಯಿಯನ್ನು ಹಿಡಿದ ಬೇಲಿಯಲ್ಲೇ ಗಿಡಕ್ಕೆ ನಾಲ್ಕೈದರಂತೆ ಬಿಡಿ. ಬೇರೆ ಊರಿನ ತೋಟಕ್ಕೆ ಒಯ್ಯಬೇಡಿ. ಮುಂದಿನ ಜೋಡಿಗೆ ಗಂಡನ್ನು ಜಗಲಿಯ ದೀಪದ ಬಳಿ ಹೊಸದಾಗಿ ಹಿಡಿಯಿರಿ. ಒಡಹುಟ್ಟಿದವನ್ನೇ ಸಾಲುಸಾಲಾಗಿ ಕೂಡಿಸಿದರೆ ಮರಿಗಳು ಬಲಹೀನವಾಗುತ್ತ ಹೋಗುತ್ತವೆ.