ಪಿಎಚ್‌ಡಿ ಹುಡುಗರಿಗೆ ಧೈರ್ಯ ಹೇಳುವುದನ್ನು ನಾನು ಬಿಟ್ಟಿದ್ದು

2022ರ ಡಿಸೆಂಬರ್‌ನ ಒಂದು ಸಂಜೆ ಅರಸೀಕೆರೆಯ ಹುಡುಗಿಯೊಬ್ಬಳು ಹಾಸನದ ಪೆನ್ಷನ್ ಮೊಹಲ್ಲಾದ ನಮ್ಮ ಮನೆಗೆ ಬಂದಳು. ಸಮಾಜಶಾಸ್ತ್ರದಲ್ಲಿ ಪಿಎಚ್‌ಡಿಗೆ ಸೇರಿ ಆಗಷ್ಟೇ ಕೋರ್ಸ್‌ವರ್ಕ್ ಮುಗಿಸಿದ್ದಳು. ಕೈಯಲ್ಲಿ ಮೊಬೈಲು, ಮೊಬೈಲಲ್ಲಿ ಒಂದು ಸುದ್ದಿ. ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ ಇನ್ನು ಹೊಸಬರಿಗೆ ಇಲ್ಲ. 2009ರಲ್ಲಿ ಶುರುವಾದ ಯೋಜನೆ ಅದು. ಮುಸ್ಲಿಂ, ಕ್ರೈಸ್ತ, ಜೈನ, ಸಿಖ್, ಬೌದ್ಧ, ಪಾರ್ಸಿ ಸಂಶೋಧಕರಿಗೆ ತಿಂಗಳು ತಿಂಗಳು ಓದಿನ ಖರ್ಚಿಗೆ ದುಡ್ಡು ಸಿಗುತ್ತಿತ್ತು. ಬೇರೆ ಫೆಲೋಶಿಪ್‌ಗಳೂ ಇರುವುದರಿಂದ ಇದು ಡಬಲ್ ಆಗುತ್ತದೆ ಅನ್ನುವುದು ಸರ್ಕಾರ ಕೊಟ್ಟ ಕಾರಣ. ಮುಂದಿನ ನೆಟ್, ಅಂದರೆ ರಾಷ್ಟ್ರಮಟ್ಟದ ಅಧ್ಯಾಪಕ ಅರ್ಹತಾ ಪರೀಕ್ಷೆ ಬರೆದು ಇದಕ್ಕೆ ಅರ್ಜಿ ಹಾಕಬೇಕು ಅಂತ ಈ ಹುಡುಗಿ ವರ್ಷವಿಡೀ ಓದಿದ್ದಳು.

"ಮುಗೀತು ಮೇಡಂ" ಅಂದಳು.

ನಾನು ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ಆ ವರ್ಷವೇ ರಿಟೈರ್ ಆಗಿದ್ದೆ. ಪಾಠ ಮಾಡಿದ ಬಾಯಿ, ಸುಮ್ನಿರುತ್ತಾ? ನಾನೆಷ್ಟು ಕಷ್ಟಪಟ್ಟು ಓದಿದೆ, ನಮ್ಮ ಕಾಲದಲ್ಲಿ ಮುಸ್ಲಿಂ ಹೆಣ್ಣುಮಕ್ಕಳು ಎಂ.ಎ. ಮಾಡುವುದೇ ಎಷ್ಟು ದೊಡ್ಡ ಮಾತಾಗಿತ್ತು, ಎದೆಗುಂದಬೇಡ, ಹಾಗೆ ಹೀಗೆ. ಮುಕ್ಕಾಲು ಗಂಟೆ. ಅವಳು ಚಹಾ ಕುಡಿದು, ಥ್ಯಾಂಕ್ಸ್ ಹೇಳಿ ಹೋದಳು. ಮೂರು ವಾರ ಫೋನ್ ಎತ್ತಲಿಲ್ಲ. ಆಮೇಲೆ ಗೊತ್ತಾಯಿತು, ಊರಿನ ಪ್ರೈವೇಟ್ ಶಾಲೆಯೊಂದರಲ್ಲಿ ಟೀಚರ್ ಕೆಲಸಕ್ಕೆ ಸೇರಿಬಿಟ್ಟಿದ್ದಾಳೆ.

ನಾಲ್ಕನೇ ವಾರ ನಾನೇ ಅರಸೀಕೆರೆ ರೈಲು ಹತ್ತಿದೆ. ಕೈಯಲ್ಲಿ ಒಂದು ಉದ್ದನೆಯ ನೋಟ್‌ಬುಕ್ ಇತ್ತು, ಅಂಗಡಿಯವರು ಉದ್ರಿ ಬರೆಯುತ್ತಾರಲ್ಲ, ಅಂಥದ್ದು. "ಫೆಲೋಶಿಪ್ ಹೋಯ್ತು ಅಂತೀಯಲ್ಲ, ನಿನಗೆ ತಿಂಗಳಿಗೆ ನಿಜವಾಗಿ ಎಷ್ಟು ಬೇಕು?" ಅಂತ ಕೇಳಿದೆ. ಅವಳಿಗೆ ಗೊತ್ತಿರಲಿಲ್ಲ. ಅಷ್ಟು ಹೊತ್ತು ಭಾಷಣ ಮಾಡಿದ್ದ ನನಗೂ ಗೊತ್ತಿರಲಿಲ್ಲ.

ಅವಳ ಅಬ್ಬಾ ಅರಸೀಕೆರೆ ಎಪಿಎಂಸಿಯಲ್ಲಿ ಕೊಬ್ಬರಿ ತೂಕ ಹಾಕುವವರು. ಅಲ್ಲಿವರೆಗೂ ಬಾಗಿಲ ಹತ್ತಿರ ನಿಂತೇ ಇದ್ದರು. ಪಿಎಚ್‌ಡಿ, ಸಿನಾಪ್ಸಿಸ್, ಗೈಡ್ ಅಂತ ನಾವು ಮಾತಾಡುವಾಗ ಅವರಿಗೇನು ಕೆಲಸ? ಲೆಕ್ಕ ಅಂದ ತಕ್ಷಣ ಕುರ್ಚಿ ಎಳೆದುಕೊಂಡು ಕೂತರು. ರೈಲಿನ ಸೀಸನ್ ಟಿಕೆಟ್. ತಿಂಗಳಿಗೆರಡು ಸಲ ಮೈಸೂರು. ಜೆರಾಕ್ಸ್. ಫೀಲ್ಡ್‌ವರ್ಕ್‌ಗೆ ಹಳ್ಳಿಗಳಿಗೆ ಓಡಾಟ. ವರ್ಷದ ಫೀಸನ್ನು ಹನ್ನೆರಡಕ್ಕೆ ಭಾಗಿಸಿದ್ದು. ನಾನು ಕೂಡಿದ್ದು ತಪ್ಪಾಗಿತ್ತು, ಅವರೇ ತಿದ್ದಿದರು. 6,400 ರೂಪಾಯಿ ಬಂತು.

"ಇಷ್ಟೇನಾ?" ಅಂದರು. ದುಡ್ಡು ಇತ್ತು ಅಂತಲ್ಲ. ಮಗಳ ಓದು ಅನ್ನುವುದು ಅವರಿಗೆ ಅಳತೆಯೇ ಇಲ್ಲದ ಖರ್ಚಾಗಿ ಕಂಡಿತ್ತು. ಈಗ ಅದಕ್ಕೊಂದು ತೂಕ ಸಿಕ್ಕಿತು. ಶಾಲೆಯ ಕೆಲಸ ಬಿಡಿಸಲಿಲ್ಲ. ಗೈಡ್‌ಗೆ ಮುಚ್ಚಿಡದೆ ಹೇಳಿ, ಅವರ ಸಹಿ ತಗೊಂಡು, ಪಾರ್ಟ್ ಟೈಮ್‌ಗೆ ಬದಲಾಯಿಸಿಕೊಂಡಳು. ರಾಜ್ಯದ ಅಲ್ಪಸಂಖ್ಯಾತರ ನಿರ್ದೇಶನಾಲಯಕ್ಕೆ ಹಾಕಬೇಕಾದ ಅರ್ಜಿಗಳ ಪಟ್ಟಿಯನ್ನೂ ಅದೇ ಪುಸ್ತಕದ ಹಿಂದೆ ಬರೆದೆವು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ ಫ್ರೀ ಆದಾಗ, ಮೈಸೂರಿನ ಸಾಲನ್ನು ಅವಳ ಅಬ್ಬಾನೇ ಕೆಂಪು ಪೆನ್ನಲ್ಲಿ ಹೊಡೆದು ಹಾಕಿದರಂತೆ.

ಅಲ್ಲಿಂದ ಶುರುವಾಗಿದ್ದು ನಮ್ಮ ಭಾನುವಾರಗಳು. ನಮ್ಮ ಮನೆಯ ಮಹಡಿ ರೂಮು, ಒಂದು ಹಳೇ ಊಟದ ಟೇಬಲ್ಲು, ಹತ್ತು ಗಂಟೆಗೆ ಬಂದವರು ಒಂದಕ್ಕೆ ಎದ್ದು ಹೋಗುತ್ತಾರೆ. ಕೆಲವು ಸಲ ಇಬ್ಬರು, ಕೆಲವು ಸಲ ಒಂಬತ್ತು. ಮುಸ್ಲಿಂ ಹುಡುಗಿಯರು ಜಾಸ್ತಿ. ಸಕಲೇಶಪುರದ ಒಬ್ಬ ಕ್ರಿಶ್ಚಿಯನ್ ಹುಡುಗ, ಶ್ರವಣಬೆಳಗೊಳದ ಒಬ್ಬ ಜೈನ ಹುಡುಗ. ಸಂಘವೂ ಅಲ್ಲ, ಹೆಸರೂ ಇಲ್ಲ.

ಇವರಿಗೆ ಬುದ್ಧಿ ಕಮ್ಮಿ ಅಂತಲ್ಲ, ಸುದ್ದಿ ತಡ. ಮನೆಯಲ್ಲಿ ಮೇಷ್ಟ್ರಿರುವ ಹುಡುಗನಿಗೆ ನಿಯಮ ಬದಲಾದದ್ದು ಊಟದ ಹೊತ್ತಲ್ಲೇ ಕಿವಿಗೆ ಬೀಳುತ್ತದೆ. ನಮ್ಮವರಿಗೆ ವಾಟ್ಸಾಪ್‌ನಲ್ಲಿ, ಅದೂ ಅರ್ಧ. ಈ ಕೆಲವು ವರ್ಷಗಳಲ್ಲಿ ಬದಲಾದದ್ದೇನು ಸ್ವಲ್ಪವೇ? 2018ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ), ವಿಶ್ವವಿದ್ಯಾಲಯಗಳಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು 2021ರ ಜುಲೈನಿಂದ ಪಿಎಚ್‌ಡಿ ಕಡ್ಡಾಯ ಅಂದಿತು. ಆಮೇಲೆ ಅದನ್ನು 2023ರ ಜುಲೈಗೆ ಮುಂದೂಡಿತು. ಆ ದಿನ ಬರುವ ಹೊತ್ತಿಗೆ ಕಡ್ಡಾಯವನ್ನೇ ತೆಗೆದು, ನೆಟ್ ಅಥವಾ ರಾಜ್ಯಮಟ್ಟದ ಅರ್ಹತಾ ಪರೀಕ್ಷೆ ಸೆಟ್ ಇದ್ದರೆ ಸಾಕು ಅಂದಿತು. ಬೆಳಗೊಳದ ಹುಡುಗ ಮೊದಲ ಮಾತನ್ನು ನಂಬಿ ಐದು ವರ್ಷ ಸೆಟ್ ಕಡೆ ತಲೆ ಹಾಕಿರಲಿಲ್ಲ. "ಪಿಎಚ್‌ಡಿ ಆದ್ರೆ ಸೆಟ್ ಯಾಕೆ ಮೇಡಂ?" ಅನ್ನುತ್ತಿದ್ದ. ಮಾತು ತಪ್ಪಲ್ಲ. ಆದರೆ ಥೀಸಿಸ್ ಮುಗಿಯಲು ಇನ್ನೂ ಎರಡು ವರ್ಷ ಇತ್ತು. ಸೆಟ್ ಪಾಸಾಗಿದ್ದರೆ ಅತಿಥಿ ಉಪನ್ಯಾಸಕನಾಗಿ ಇವತ್ತೇ ಅರ್ಹ. ಥೀಸಿಸ್ ನಂಬಿ ಕೂತರೆ ಅದು ಮುಗಿದ ಮೇಲೆ.

ಕೆ-ಸೆಟ್, ಅಂದರೆ ಕರ್ನಾಟಕದ ಸೆಟ್, ಅಷ್ಟು ಹೊತ್ತಿಗೆ ಮೈಸೂರು ವಿಶ್ವವಿದ್ಯಾಲಯದ ಕೈಯಿಂದ ಕರ್ನಾಟಕ ಪರೀಕ್ಷಾ ಪ್ರಾಧಿಕಾರಕ್ಕೆ ಹೋಗಿತ್ತು. 2024ರ ಜನವರಿ 13ಕ್ಕೆ ಪರೀಕ್ಷೆ. ಮೊದಲ ಪೇಪರ್ 50 ಪ್ರಶ್ನೆ, ಎರಡನೆಯದು 100. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಇವನು ಎರಡನೇ ಪೇಪರ್‌ನಲ್ಲಿ ಹುಲಿ; ಶಾಸನ, ಹಳಗನ್ನಡ ಎಲ್ಲ ನಾಲಿಗೆ ತುದಿಯಲ್ಲಿ. ಮೊದಲ ಪೇಪರ್‌ನ ಕೋಷ್ಟಕ ನೋಡಿ ಶೇಕಡಾವಾರು ಹೇಳು ಅಂದರೆ ಬೆವರುತ್ತಿದ್ದ. ನನಗೂ ಬರುತ್ತಿರಲಿಲ್ಲ, ಪಕ್ಕದ ಮನೆಯ ಬಿ.ಕಾಂ. ಹುಡುಗನನ್ನು ಕರೆದು ನಾಲ್ಕು ಭಾನುವಾರ ಪಾಠ ಹೇಳಿಸಿದೆವು. ಇಪ್ಪತ್ತು ವರ್ಷದ ಆ ಹುಡುಗ ಮೂವತ್ತೊಂದರ ಈ ಸಂಶೋಧಕನಿಗೆ "ಸರ್, ಇಷ್ಟು ಸಿಂಪಲ್ ಸರ್" ಅನ್ನುವಾಗ ನೋಡಬೇಕಿತ್ತು. ಪಾಸಾದ.

ಆ ಅವಧಿಯಲ್ಲಿ ಒಂದು ತಪ್ಪು ಮಾಡಿದೆ, ಅದನ್ನೂ ಹೇಳಬೇಕು. ಬೇಲೂರು ಕಡೆಯ ರಸಾಯನಶಾಸ್ತ್ರದ ಹುಡುಗನೊಬ್ಬ ಬರುತ್ತಿದ್ದ. ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಬೀಜದ ಗುಣಮಟ್ಟ ನೋಡುವ ಕೆಲಸ ಸಿಗುತ್ತಿದೆ, ಹೋಗಲಾ ಅಂತ ಕೇಳಿದ. ಅಷ್ಟು ಓದಿ ಗೋಡೌನ್‌ಗೆ ಹೋಗ್ತೀಯಾ ಅಂದುಬಿಟ್ಟೆ. ಎಲ್ಲರ ಮುಂದೆ. ಅವನು ಹೋದ, ಚೆನ್ನಾಗಿದ್ದಾನಂತೆ, ನನ್ನ ಫೋನ್ ಮಾತ್ರ ಎತ್ತುವುದಿಲ್ಲ. ಬೇರೆಯವರಿಗೆ ಬದಲಾವಣೆಗೆ ಹೊಂದಿಕೊಳ್ಳಿ ಅನ್ನುವ ನನ್ನ ತಲೆಯಲ್ಲೇ ಪಿಎಚ್‌ಡಿ ಅಂದರೆ ಮೇಷ್ಟ್ರ ಕೆಲಸ ಅಂತ ಕೂತಿತ್ತು. ಬೆಳಗೊಳದ ಹುಡುಗ ಈಗ ಪಾಠದ ಜೊತೆ ಪ್ರಾಕೃತ ಕಲಿಯುತ್ತಿದ್ದಾನೆ. 2024ರ ಅಕ್ಟೋಬರ್‌ನಲ್ಲಿ ಪ್ರಾಕೃತಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ಸಿಕ್ಕಿತು, ಅವನ ಊರಲ್ಲೇ ಪ್ರಾಕೃತ ಅಧ್ಯಯನ ಸಂಸ್ಥೆ ಇದೆ, ತಾಳೆಗರಿ ಓದಬಲ್ಲವರು ಬೆರಳೆಣಿಕೆ. ಈ ಸಲ ನಾನು ಬಾಯಿ ಮುಚ್ಚಿಕೊಂಡು ಹೂಂ ಅಂದೆ.

ಇನ್ನು ಸಕಲೇಶಪುರದ ಹುಡುಗನ ಕಥೆ. ಕನ್ನಡದಲ್ಲಿ ಥೀಸಿಸ್ ಬರೆಯುವ ಎಲ್ಲರೂ ಇದನ್ನು ಓದಬೇಕು. ಕಾಫಿ ತೋಟದ ಲೈನ್ ಮನೆಗಳ ಬದುಕಿನ ಮೇಲೆ ಅವನ ಸಂಶೋಧನೆ. 260 ಪುಟ, ಎಲ್ಲ ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಹಳೇ ಫಾಂಟಲ್ಲಿ ಟೈಪ್ ಮಾಡಿಸಿದ್ದ. ಕೃತಿಚೌರ್ಯದ ತಪಾಸಣೆಗೆ ಕಳಿಸುವ ಮುಂಚೆ ಪರಿಚಯದವರ ಹತ್ತಿರ ಸಾಫ್ಟ್‌ವೇರ್‌ನಲ್ಲಿ ಹಾಕಿಸಿ ನೋಡಿದ. ಹೋಲಿಕೆ ಸೊನ್ನೆ ಬಂತು. ಯುಜಿಸಿ ನಿಯಮದಲ್ಲಿ ಶೇ. 10ರವರೆಗೆ ತೊಂದರೆ ಇಲ್ಲ, ಇವನದು ಸೊನ್ನೆ! ಸ್ವೀಟ್ ತಂದಿದ್ದ.

ನನಗೆ ಅನುಮಾನ ಬಂತು. ಸರ್ಕಾರಿ ವರದಿಗಳಿಂದಲೇ ಎಷ್ಟೋ ಸಾಲು ಎತ್ತಿ ಕೊಟ್ಟಿದ್ದಾನೆ, ಸೊನ್ನೆ ಹೇಗೆ? ಅವನ ಫೈಲಿನ ಒಂದು ಪ್ಯಾರಾ ಕಾಪಿ ಮಾಡಿ ಮೊಬೈಲಿಗೆ ಹಾಕಿದೆವು. ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರ, ತಲೆ ಮೇಲೆ ಚುಕ್ಕೆ, ಬಾಲಕ್ಕೆ ಕೊಕ್ಕೆ. ನಮ್ಮ ಕಣ್ಣಿಗೆ ಕನ್ನಡವಾಗಿ ಕಾಣುವುದು ಫಾಂಟ್‌ನ ವೇಷ ಅಷ್ಟೇ. ಸಾಫ್ಟ್‌ವೇರ್‌ಗೆ ಕಂಡದ್ದು ಆ ಕೊಕ್ಕೆಗಳು. ಜಗತ್ತಿನಲ್ಲಿ ಯಾರೂ ಹಾಗೆ ಬರೆದಿಲ್ಲವಾದ್ದರಿಂದ ಸೊನ್ನೆ.

ಕನ್ವರ್ಟರ್‌ನಲ್ಲಿ ಹಾಕಿ ಯೂನಿಕೋಡ್, ಅಂದರೆ ಕಂಪ್ಯೂಟರ್‌ಗೂ ಕನ್ನಡವಾಗಿಯೇ ಕಾಣುವ ಅಕ್ಷರ ಮಾಡಿದೆವು. ಅರ್ಕಾವತ್ತುಗಳು ಅಲ್ಲಲ್ಲಿ ಜಾಗ ತಪ್ಪಿದವು, ಅಂಕಿಗಳು ಕೆಟ್ಟವು. ಕೋಷ್ಟಕಗಳ ಕಥೆ ಕೇಳಲೇಬೇಡಿ. ಮೂರು ಭಾನುವಾರ ಐದು ಜನ ಪುಟ ಹಂಚಿಕೊಂಡು ತಿದ್ದಿದರು. ಮತ್ತೆ ಹಾಕಿದಾಗ ಹೋಲಿಕೆ ಶೇ. 23. ಹುಡುಗ ಬಿಳಿಚಿಕೊಂಡ. ಆದರೆ ಈಗ ತಿದ್ದಲು ಏನೋ ಇತ್ತು. ಉದ್ಧರಣೆಗಳಿಗೆ ಚಿಹ್ನೆಯೇ ಹಾಕಿರಲಿಲ್ಲ, ಹಾಕಿದ. ಗ್ರಂಥಸೂಚಿ ಲೆಕ್ಕದಿಂದ ಹೊರಗಿಟ್ಟರು. ಎರಡನೇ ಅಧ್ಯಾಯದ ಹನ್ನೊಂದು ಪುಟ ತನ್ನ ಮಾತಲ್ಲಿ ಹೊಸದಾಗಿ ಬರೆದ. ಶೇ. 8ಕ್ಕೆ ಇಳಿಯಿತು. ಆಮೇಲೆ ಬಂದವರಿಗೆಲ್ಲ ನಾನು ಮೊದಲ ದಿನ ಕೇಳುವುದು ಒಂದೇ: ಯೂನಿಕೋಡಾ, ನುಡಿಯಾ?

ಜರ್ನಲ್‌ಗಳ ವಿಷಯ ಚಿಕ್ಕದಾಗಿ. ಯುಜಿಸಿ ಒಪ್ಪಿದ ಜರ್ನಲ್‌ಗಳ ಕೇರ್ ಪಟ್ಟಿಯಲ್ಲಿದೆ ಅಂತ ದುಡ್ಡು ಕಟ್ಟಿ ಲೇಖನ ಹಾಕಿಸಿದ್ದವರು ಇದ್ದರು. 2025ರ ಫೆಬ್ರವರಿಯಲ್ಲಿ ಯುಜಿಸಿ ಆ ಪಟ್ಟಿಯನ್ನೇ ನಿಲ್ಲಿಸಿತು. 2022ರ ನಿಯಮದಲ್ಲಿ ಥೀಸಿಸ್ ಸಲ್ಲಿಸುವ ಮುಂಚೆ ಲೇಖನ ಪ್ರಕಟಿಸಲೇಬೇಕು ಅನ್ನುವ ಕಡ್ಡಾಯವೂ ಇಲ್ಲ. ದುಡ್ಡು ಕೇಳುವ ಜರ್ನಲ್‌ಗೆ ಕೊಡಬೇಡಿ. ಅಷ್ಟೇ.

ಅದೇ ತಿಂಗಳು ಇನ್ನೊಂದು ಗಲಾಟೆ. ಮೈಸೂರು ವಿವಿಯ ಸ್ನಾತಕೋತ್ತರ ಕೇಂದ್ರ ಹೇಮಗಂಗೋತ್ರಿ ಇದ್ದದ್ದು ಹಾಸನ ವಿಶ್ವವಿದ್ಯಾಲಯ ಆಗಿ ಎರಡು ವರ್ಷ ಆಗಿತ್ತಷ್ಟೆ, ಹೊಸ ವಿವಿಗಳನ್ನು ಮುಚ್ಚುವ ಶಿಫಾರಸು ಬಂತು ಅಂತ ಸುದ್ದಿ. ನಮ್ಮ ಮಹಡಿಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡಿದರು. ನಾನು ಒಂದೇ ಕೆಲಸ ಹೇಳಿದೆ, ನಿಮ್ಮ ನೋಂದಣಿ ಆದೇಶ ತನ್ನಿ, ಯಾವ ವಿವಿಯ ಸೀಲಿದೆ ನೋಡೋಣ. ಬಹಳಷ್ಟು ಜನರದು ಮೈಸೂರು. ಅರ್ಧ ಗಾಬರಿ ಅಲ್ಲೇ ಇಳಿಯಿತು. ಇಬ್ಬರು ತಮ್ಮ ಆದೇಶವನ್ನು ಓದಿದ್ದೇ ಅವತ್ತು ಮೊದಲ ಸಲ.

ಇಂಟರ್‌ವ್ಯೂ ಅಭ್ಯಾಸಕ್ಕೆ ನಾವು ಒಂದು ಪ್ರಶ್ನೆ ಯಾವಾಗಲೂ ಇಟ್ಟುಕೊಳ್ಳುತ್ತೇವೆ. "ನಿಮ್ಮ ಕನ್ನಡ ತುಂಬಾ ಚೆನ್ನಾಗಿದೆಯಲ್ಲ!" ಇದು ಪ್ರಶ್ನೆಯಲ್ಲ, ಗೊತ್ತು. ಆದರೆ ನಮ್ಮ ಹೆಣ್ಣುಮಕ್ಕಳು ಇದನ್ನು ಕೇಳಿದಷ್ಟು ಬೇರೇನೂ ಕೇಳಿಲ್ಲ. ಹಾಸನದಲ್ಲೇ ಹುಟ್ಟಿ, ಕನ್ನಡದಲ್ಲೇ ಓದಿದವಳಿಗೆ ಹೀಗಂದರೆ ಮುಖ ಕೆಂಪಾಗುತ್ತದೆ, ಮುಂದಿನ ಉತ್ತರ ತಪ್ಪುತ್ತದೆ. ಅದಕ್ಕೇ ಅದನ್ನು ಇಲ್ಲೇ ನೂರು ಸಲ ಕೇಳಿಸಿ, ನಕ್ಕು, ಹಳೆಯದು ಮಾಡಿಬಿಡುತ್ತೇವೆ. ಒಬ್ಬಳು "ನಿಮ್ಮದೂ ಚೆನ್ನಾಗಿದೆ ಸರ್" ಅಂತ ಉತ್ತರ ಕಟ್ಟಿದ್ದಾಳೆ. ನಿಜವಾದ ಇಂಟರ್‌ವ್ಯೂನಲ್ಲಿ ಹೇಳಬೇಡ ಅಂದಿದ್ದೇನೆ. ಹೇಳಿದರೂ ನನಗೇನು ಬೇಜಾರಿಲ್ಲ.

ಸ್ಕಾರ್ಫ್ ಹಾಕಿಕೊಂಡು ಹೋಗಲಾ ಅಂತ ಕೇಳುವವರೂ ಇದ್ದಾರೆ. ಅದನ್ನು ನಾನು ತೀರ್ಮಾನ ಮಾಡುವುದಿಲ್ಲ. ಏನೇ ಹಾಕಿಕೊಂಡರೂ ಮೊದಲ ಎರಡು ನಿಮಿಷ ನಿನ್ನ ಸಂಶೋಧನೆ ಬಿಟ್ಟು ಬೇರೆ ಮಾತು ಬರದ ಹಾಗೆ ಮಾತಾಡು ಅನ್ನುತ್ತೇನೆ. ಆ ಎರಡು ನಿಮಿಷವನ್ನು ಗಡಿಯಾರ ಇಟ್ಟು ಹೇಳಿಸುತ್ತೇವೆ.

ಅರಸೀಕೆರೆಯ ಹುಡುಗಿಗೆ 2024ರಲ್ಲಿ ಮದುವೆ ಮಾತು ಬಂತು. ಗಂಡು ತುಮಕೂರು. ಓದು ನಿಲ್ಲುತ್ತದೆ ಅಂತ ಅವಳು ಅಳುತ್ತಾ ಫೋನ್ ಮಾಡಿದಳು. ಧೈರ್ಯ ಹೇಳಲಿಲ್ಲ. ಯುಜಿಸಿಯ 2022ರ ನಿಯಮದ ಎರಡು ಪುಟ ಪ್ರಿಂಟ್ ತೆಗೆಸಿ, ಮೂರು ಜಾಗದಲ್ಲಿ ಹಳದಿ ಬಣ್ಣ ಹಚ್ಚಿ ಕೊಟ್ಟೆ. ಹೆಣ್ಣುಮಕ್ಕಳಿಗೆ ಎರಡು ವರ್ಷ ಹೆಚ್ಚುವರಿ ಅವಧಿ ಇದೆ. ಹೆರಿಗೆ, ಮಗುವಿನ ಆರೈಕೆಗೆ 240 ದಿನ ರಜೆ ಇದೆ. ಮದುವೆಯಾಗಿ ಬೇರೆ ಊರಿಗೆ ಹೋದರೆ ಸಂಶೋಧನೆಯನ್ನು ಅಲ್ಲಿನ ವಿವಿಗೆ ವರ್ಗಾಯಿಸಿಕೊಳ್ಳಲು ದಾರಿ ಇದೆ. ಅವಳ ಅಬ್ಬಾ ಆ ಕಾಗದವನ್ನು ಗಂಡಿನ ಮನೆಗೆ ತಗೊಂಡು ಹೋಗಿ, ಊಟಕ್ಕೆ ಮುಂಚೆಯೇ ಟೇಬಲ್ ಮೇಲೆ ಇಟ್ಟರಂತೆ. ಮದುವೆ ಆಯಿತು, ವರ್ಗಾವಣೆ ಬೇಕಾಗಲಿಲ್ಲ, ಗಂಡನೇ ಹಾಸನಕ್ಕೆ ಬಂದ.

ಮುಂದಿನ ಭಾನುವಾರ ನಾನು ಊರಲ್ಲಿರುವುದಿಲ್ಲ, ಮಗಳ ಮನೆಗೆ ಹೋಗಬೇಕು. ಹೊಳೆನರಸೀಪುರದಿಂದ ಹೊಸಬಳೊಬ್ಬಳು ಬರುತ್ತಾಳೆ, ಮೊದಲ ವರ್ಷದವಳು. ಮಹಡಿ ಬೀಗದ ಕೈ, ಉದ್ರಿ ಪುಸ್ತಕ ಎರಡೂ ಅರಸೀಕೆರೆಯವಳ ಹತ್ತಿರ ಇವೆ.