ಎಂಟು ಶುಕ್ರವಾರದ ಕಂಸಾಳೆ

ನಾನು ಭರತನಾಟ್ಯ ಕಲಿತವಳು. ಮೈಸೂರು ಸೀಮೆಯ ಸರ್ಕಾರಿ ಶಾಲೆಗಳಲ್ಲಿ ಹನ್ನೆರಡು ವರ್ಷದಿಂದ ಮಕ್ಕಳಿಗೆ ನೃತ್ಯ ಹೇಳಿಕೊಡುತ್ತಿದ್ದೇನೆ. ಕಂಚಿನ ತಾಳ ಬೀಸುತ್ತಾ ಕುಣಿಯುವ ಬೀಸು ಕಂಸಾಳೆ ನನಗೆ ಬರುವುದಿಲ್ಲ. ವಿಡಿಯೊ ನೋಡಿ ನಾಲ್ಕು ಹೆಜ್ಜೆ ಕಲಿತು ನಾನೇ ಹೇಳಿಕೊಡಬಹುದಿತ್ತು. ಮನಸ್ಸು ಒಪ್ಪಲಿಲ್ಲ. ಮಾದಪ್ಪನ, ಅಂದರೆ ಮಲೆ ಮಹದೇಶ್ವರನ ಹೆಸರಲ್ಲಿ ದೀಕ್ಷೆ ಪಡೆದು, ಅದನ್ನೇ ಬದುಕು ಮಾಡಿಕೊಂಡವರು ಪಕ್ಕದ ಊರಲ್ಲೇ ಇದ್ದಾರೆ ಅಲ್ವಾ?

ಮೊದಲ ಸಲ ಐದು ಜನರ ತಂಡ ಕರೆಸಿ ಮೈದಾನದಲ್ಲಿ ಒಂದು ಗಂಟೆ ಕುಣಿಸಿದೆ. ಮಕ್ಕಳು ಕುಣಿದಾಡಿಬಿಟ್ಟರು. ಮುಂದಿನ ವಾರ ಕೇಳಿದರೆ ‘ಚೆನ್ನಾಗಿತ್ತು ಮಿಸ್’ ಅಂದರು, ಅಷ್ಟೇ. ಅದಕ್ಕಿಂತ ಜಾಸ್ತಿ ನೋವಾಗಿದ್ದು ಬೇರೆ. ಕಲಾವಿದರು ಎರಡು ಗಂಟೆ ಮರದಡಿ ಕಾದರು, ಯಾರೂ ಒಂದು ಲೋಟ ನೀರು ಕೊಡಲಿಲ್ಲ. ದುಡ್ಡು ಕೈ ಸೇರಿದ್ದು ನಾಲ್ಕು ತಿಂಗಳ ಮೇಲೆ. ಈಗ ದಿನ ಗೊತ್ತು ಮಾಡುವ ಮುಂಚೆಯೇ ಎರಡು ಮಾತು ಹೇಳಿಬಿಡುತ್ತೇನೆ: ಸಂಭಾವನೆ ಅದೇ ದಿನ ಕೊಡಬೇಕು, ಮೇಷ್ಟ್ರುಗಳ ಕೋಣೆಯಲ್ಲಿ ಅವರಿಗೂ ಒಂದು ಕುರ್ಚಿ ಇರಬೇಕು.

ಈಗ ಒಬ್ಬರೇ ಕಲಾವಿದರು, ಒಂದೇ ತರಗತಿ, ಎಂಟು ಶುಕ್ರವಾರ. ಶಿವರಾತ್ರಿ, ಯುಗಾದಿ, ದೀಪಾವಳಿ ಹತ್ತಿರ ಕರೆಯುವುದಿಲ್ಲ. ಮಲೆ ಮಹದೇಶ್ವರ ಬೆಟ್ಟದಲ್ಲಿ ಜಾತ್ರೆ, ಅವರು ಅಲ್ಲಿರಬೇಕು.

ಎಡಗೈಯಲ್ಲಿ ಕಂಚಿನ ಬಟ್ಟಲು, ಬಲಗೈಯಲ್ಲಿ ದಾರ ಕಟ್ಟಿದ ತಾಳ. ಬೀಸುವಾಗ ಲೆಕ್ಕ ತಪ್ಪಿದರೆ ಪಕ್ಕದವರ ಹಣೆಗೇ ಏಟು. ಅದಕ್ಕೆ ಮೊದಲ ಮೂರು ವಾರ ಕಂಸಾಳೆ ಚೀಲದಿಂದ ಹೊರಗೇ ಬರುವುದಿಲ್ಲ. ಟವೆಲಿನ ತುದಿಗೆ ಗಂಟು ಹಾಕಿ ಬೀಸಿಸುತ್ತಾರೆ. ‘ಮೊದ್ಲು ಕಾಲು ಬರ್ಲಿ, ಆಮೇಲೆ ಕಂಚು’ ಅನ್ನುತ್ತಾರೆ.

ನನ್ನ ಕೆಲಸ ಏನು ಅಂತ ಗೊತ್ತಾಗಿದ್ದು ಇಲ್ಲೇ. ‘ಕಲೆಯ ಬಗ್ಗೆ ನಾಲ್ಕು ಮಾತಾಡಿ’ ಅಂದೆ. ರಾತ್ರಿಯಿಡೀ ಮಾದಪ್ಪನ ಕಥೆ ಹಾಡುವವರು ತಲೆ ತಗ್ಗಿಸಿ ನಿಂತರು. ‘ನಿಮ್ಮಪ್ಪ ನಿಮಗೆ ಎಲ್ಲಿ ಹೇಳಿಕೊಟ್ಟರು?’ ಅಂತ ಕೇಳಿದೆ. ಅರ್ಧ ಗಂಟೆ ಹೇಳಿದರು, ಮಕ್ಕಳು ಅಲ್ಲಾಡಲಿಲ್ಲ. ಅವತ್ತಿನಿಂದ ಅವರ ಪಕ್ಕ ಚಾಪೆ ಮೇಲೆ ಕೂತು ಇಂಥ ಸಣ್ಣ ಸಣ್ಣ ಪ್ರಶ್ನೆ ಕೇಳುತ್ತೇನೆ.

ತರಗತಿಯ ಟೀಚರೂ ಟವೆಲು ಹಿಡಿಯಲೇಬೇಕು. ಆ ಹೊತ್ತಲ್ಲಿ ಪಕ್ಕದಲ್ಲಿ ಕೂತು ಹಾಜರಿ ಪುಸ್ತಕ ಬರೆಯಲು ನಾನು ಬಿಡುವುದಿಲ್ಲ. ಎಂಟು ವಾರ ಆದ ಮೇಲೆ ಕಲಾವಿದರೂ ನಾನೂ ಹೊರಡುತ್ತೇವೆ, ಮಕ್ಕಳ ಜೊತೆ ಉಳಿಯುವವರು ಟೀಚರೇ.

ಹೋದ ವರ್ಷ ನಾಲ್ಕನೇ ಶುಕ್ರವಾರ ಚೀಲ ಬಿಚ್ಚಿದಾಗ ಆರನೇ ಕ್ಲಾಸಿನ ಹುಡುಗಿಯೊಬ್ಬಳು, ‘ತಾತಾ, ಹೆಣ್ಮಕ್ಕಳು ಹಿಡೀಬಹುದಾ?’ ಅಂತ ಕೇಳಿದಳು. ಕಲಾವಿದರು ಅಲ್ಲಿಯವರೆಗೆ ಕಂಸಾಳೆ ಹಿಡಿಯುವುದನ್ನು ಗಂಡುಮಕ್ಕಳಿಗೆ ಮಾತ್ರ ಕಲಿಸಿದವರು. ನಾನು ಬಾಯಿ ಹಾಕಲಿಲ್ಲ. ಸ್ವಲ್ಪ ಹೊತ್ತು ಸುಮ್ನೆ ಇದ್ದು, ‘ಬೆಟ್ಟಕ್ಕೆ ಹೋಗಿ ಬಂದು ಹೇಳ್ತೀನಿ ಮಗಾ’ ಅಂದರು.

ಮುಂದಿನ ಶುಕ್ರವಾರ ಚಪ್ಪಲಿ ಬಿಟ್ಟು ಒಳಗೆ ಬಂದವರೇ ಕೈಮುಗಿದು ಚೀಲ ಬಿಚ್ಚಿದರು. ಮೊದಲ ಬಟ್ಟಲನ್ನು ಅವಳ ಎಡಗೈಯಲ್ಲಿಟ್ಟು, ‘ಬೆರಳು ಜೋಪಾನ’ ಅಂದರು.